ರಿಚ್ಮಂಡ್ ಆರಿಸಿದವರು, ರಿಚ್ಮಂಡ್ ಬಿಟ್ಟವರು

2017ರ ಸೆಪ್ಟೆಂಬರ್ 30 ವಿಜಯದಶಮಿಯಾಗಿತ್ತು. ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯಲ್ಲಿ ಹೋಳಿಗೆಗೆ ಹೂರಣ ರುಬ್ಬುತ್ತಿದ್ದ ಹೊತ್ತಿನಲ್ಲಿ, ಬೆಳಿಗ್ಗೆ ಹತ್ತು ಗಂಟೆಗೆ, ಮೆಲ್ಬರ್ನ್‌ನಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮಗ ವಿಡಿಯೊ ಕರೆ ಮಾಡಿ ಮೊಬೈಲನ್ನು ತನ್ನ ಮನೆಯ ಟಿವಿಯ ಎದುರು ನಿಲ್ಲಿಸಿದ. ಅಲ್ಲಿ ಆಗ ಮಧ್ಯಾಹ್ನ ಎರಡೂವರೆ. ಒಂದು ಲಕ್ಷಕ್ಕೂ ಹೆಚ್ಚು ಜನ ತುಂಬಿದ್ದ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ರಿಚ್ಮಂಡ್ ಮತ್ತು ಅಡಿಲೇಡ್ ತಂಡಗಳ ನಡುವೆ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗಿನ ಗ್ರ್ಯಾಂಡ್ ಫೈನಲ್ ಪ್ರಾರಂಭವಾಗುವುದರಲ್ಲಿತ್ತು. ರಿಚ್ಮಂಡ್ 108 ಅಂಕ, ಅಡಿಲೇಡ್ 60 ಅಂಕ. 1980ರ ನಂತರ ಒಮ್ಮೆಯೂ ಪ್ರಶಸ್ತಿ ಕಾಣದಿದ್ದ ಕ್ಲಬ್ಬು 37 ವರ್ಷಗಳ ಬಳಿಕ ಗೆದ್ದಿತು. ಸಂಜೆ ನಾವು ಬನ್ನಿ ಮುಡಿದು ಮನೆಗೆ ಬರುವ ವೇಳೆಗೆ ಹುಡುಗನಿಂದ ಒಂದು ಸಂದೇಶ ಬಂದಿತ್ತು: "ಮಾಮ, ಈ ತಂಡವನ್ನು ಆರಿಸಿದವರು ಯಾರು ಎಂದು ನೀವು ಲೆಕ್ಕ ಹಾಕಬೇಕು."

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವನು. ಆತ ಕೇಳಿದ್ದು ಸಣ್ಣ ಪ್ರಶ್ನೆಯಲ್ಲವೆಂದು ನನಗೆ ಅಂದೇ ತಿಳಿಯಿತು. ಅಂದಿನಿಂದ ಒಂದು ನೋಟ್‌ಪುಸ್ತಕದಲ್ಲಿ ರಿಚ್ಮಂಡ್ ಕ್ಲಬ್ಬಿನ ಆಯ್ಕೆಗಳನ್ನು ವರ್ಷವಾರು ಬರೆದಿಡುತ್ತ ಬಂದಿದ್ದೇನೆ. ಆ ಪುಸ್ತಕದಿಂದ ನನಗೆ ಹೊಳೆದ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವ್ಯವಸ್ಥೆಯನ್ನು ಹೇಳಬೇಕು. ಅಂಡಾಕಾರದ ಮೈದಾನದಲ್ಲಿ ಪ್ರತಿ ತಂಡದ 18 ಜನ ಆಡುವ ಈ ಆಟದ ಲೀಗಿನಲ್ಲಿ ಈಗ 18 ಕ್ಲಬ್ಬುಗಳಿವೆ. ನಮಗೆ ಪರಿಚಿತವಾದ ಐಪಿಎಲ್ ಹರಾಜಿನಂತೆ ಅಲ್ಲಿ ಹೆಚ್ಚು ದುಡ್ಡು ಕೂಗಿದವರಿಗೆ ಹೊಸ ಆಟಗಾರ ದಕ್ಕುವುದಿಲ್ಲ. 1986ರಿಂದ ನಡೆಯುತ್ತಿರುವ ಡ್ರಾಫ್ಟ್ ಪದ್ಧತಿಯಲ್ಲಿ, ಆ ವರ್ಷ ಅಂಕಪಟ್ಟಿಯ ತಳದಲ್ಲಿ ಉಳಿದ ಕ್ಲಬ್ಬು ಮೊದಲು ಆರಿಸುತ್ತದೆ, ಗೆದ್ದ ಕ್ಲಬ್ಬು ಸುತ್ತಿನ ಕೊನೆಯಲ್ಲಿ ಆರಿಸುತ್ತದೆ. ಆರಿಸಲ್ಪಡುವವರಲ್ಲಿ ಬಹುಪಾಲು ಹದಿನೆಂಟು ವರ್ಷದ ಹುಡುಗರು, ಮತ್ತು ತಾವು ಯಾವ ಊರಿಗೆ ಹೋಗಬೇಕೆಂಬ ಆಯ್ಕೆ ಅವರ ಕೈಯಲ್ಲಿರುವುದಿಲ್ಲ. ಆ ಹುಡುಗರನ್ನು ವರ್ಷವಿಡೀ ಊರೂರು ಸುತ್ತಿ ನೋಡಿ, ನವೆಂಬರ್ ತಿಂಗಳಲ್ಲಿ ಕ್ಲಬ್ಬಿನ ಪರವಾಗಿ ಹೆಸರು ಹೇಳುವ ಹೊಣೆ ಹೊತ್ತವರೇ ರಿಕ್ರೂಟರ್‌ಗಳು. ಅವರ ಕೆಲಸ ಒಳ್ಳೆಯದೋ ಕೆಟ್ಟದ್ದೋ ಎಂಬುದು ಐದು ವರ್ಷ, ಹತ್ತು ವರ್ಷ, ಕೆಲವೊಮ್ಮೆ ಹದಿನೈದು ವರ್ಷಗಳ ನಂತರ ತಿಳಿಯುತ್ತದೆ.

ಇಂತಹ ಕೆಲಸವನ್ನು ನಾನು ಚಿಕ್ಕಂದಿನಲ್ಲೇ ನೋಡಿದ್ದೆ. ಚನ್ನಗಿರಿ ತಾಲ್ಲೂಕಿನಲ್ಲಿದ್ದ ನನ್ನ ಸೋದರಮಾವ ಅಡಿಕೆ ತೋಟಗಳನ್ನು ಚೇಣಿ ಹಿಡಿಯುತ್ತಿದ್ದರು. ಕೊಯ್ಲಿಗೆ ಮೊದಲೇ ತೋಟದೊಳಗೆ ಸಾಲಿನಿಂದ ಸಾಲಿಗೆ ನಡೆದು, ಕತ್ತೆತ್ತಿ ಗೊನೆಗಳನ್ನು ನೋಡಿ, ಇಷ್ಟು ಕ್ವಿಂಟಲ್ ಬಂದೀತು ಎಂದು ಅಂದಾಜು ಹೇಳಿ, ಆ ಅಂದಾಜಿನ ಮೇಲೆ ಮಾತು ಕೊಡುವುದು ಅವರ ಕಸುಬು. ಕಾಯಿ ಇನ್ನೂ ಮರದ ಮೇಲಿರುವಾಗಲೇ ಬೆಲೆ ಗೊತ್ತುಪಡಿಸಬೇಕಾದ ವ್ಯಾಪಾರವದು. ಅವರ ಲೆಕ್ಕದ ಪುಸ್ತಕದಲ್ಲಿ ನನ್ನನ್ನು ಬೆರಗುಗೊಳಿಸಿದ್ದ ಒಂದು ವಿಷಯವಿತ್ತು. ತಾವು ಹಿಡಿದ ತೋಟಗಳನ್ನು ಬರೆಯುವುದರ ಜೊತೆಗೆ, ನೋಡಿ ಬೇಡವೆಂದು ಬಿಟ್ಟ ತೋಟಗಳನ್ನೂ ಅವರು ಬರೆದಿಡುತ್ತಿದ್ದರು; ಕೊಯ್ಲು ಮುಗಿದ ಮೇಲೆ ಆ ತೋಟಗಳಲ್ಲಿ ಎಷ್ಟು ಬಂತು ಎಂದು ವಿಚಾರಿಸಿ ಎದುರಿಗೆ ಬರೆಯುತ್ತಿದ್ದರು. ಹಿಡಿದ ತೋಟದ ಲಾಭವಷ್ಟನ್ನೇ ನೋಡಿದರೆ ತನ್ನ ಕಣ್ಣು ಸರಿಯಾಗಿದೆಯೋ ಇಲ್ಲವೋ ತಿಳಿಯುವುದಿಲ್ಲ ಎಂದು ಅವರು ಹೇಳುತ್ತಿದ್ದರು. ನನ್ನ ನೋಟ್‌ಪುಸ್ತಕದಲ್ಲಿಯೂ ಪ್ರತಿ ಆಯ್ಕೆಯ ಪಕ್ಕದಲ್ಲಿ ಎರಡನೆಯ ಅಂಕಣವೊಂದಿದೆ. ಆ ಹುಡುಗನನ್ನು ಆರಿಸಿದ ಗಳಿಗೆಯಲ್ಲಿ ಇನ್ನೂ ಯಾರು ಯಾರು ಉಳಿದಿದ್ದರು ಎಂಬುದನ್ನು ಅಲ್ಲಿ ಬರೆಯುತ್ತೇನೆ.

ಈ ಎರಡನೆಯ ಅಂಕಣದ ದೃಷ್ಟಿಯಿಂದ ರಿಚ್ಮಂಡ್ ಕ್ಲಬ್ಬಿನ ಇತಿಹಾಸದಲ್ಲಿ 2004ರಷ್ಟು ಮಾತಿಗೆ ಸಿಕ್ಕ ವರ್ಷ ಬೇರೊಂದಿಲ್ಲ. ಆ ವರ್ಷ ಕ್ಲಬ್ಬು ಪಟ್ಟಿಯ ತಳದಲ್ಲಿತ್ತು. ತೀರಾ ಕಡಿಮೆ ಗೆದ್ದ ತಂಡಗಳಿಗೆ ಆಗ ಹೆಚ್ಚುವರಿ ಸರದಿಯೊಂದು ಸಿಗುತ್ತಿದ್ದುದರಿಂದ ರಿಚ್ಮಂಡ್‌ಗೆ 1ನೇ ಮತ್ತು 4ನೇ ಸರದಿಗಳೆರಡೂ ದೊರೆತವು. 1ನೇ ಸರದಿಯಲ್ಲಿ ಬ್ರೆಟ್ ಡೆಲೀಡಿಯೊ ಬಂದರು. 4ನೇ ಸರದಿಯಲ್ಲಿ ರಿಚರ್ಡ್ ಟ್ಯಾಂಬ್ಲಿಂಗ್ ಬಂದರು. 5ನೇ ಸರದಿ ಹಾಥಾರ್ನ್ ಕ್ಲಬ್ಬಿನದು. ಅವರು ಲಾನ್ಸ್ ಫ್ರಾಂಕ್ಲಿನ್ ಹೆಸರು ಹೇಳಿದರು. ಫ್ರಾಂಕ್ಲಿನ್ 354 ಪಂದ್ಯಗಳಲ್ಲಿ 1066 ಗೋಲುಗಳನ್ನು ಹೊಡೆದು ಆಟ ಮುಗಿಸಿದರು. ಅದೇ ದಿನ ಹಾಥಾರ್ನ್ 2ನೇ ಸರದಿಯಲ್ಲಿ ಜ್ಯಾರಿಡ್ ರಫ್‌ಹೆಡ್ ಅವರನ್ನೂ 7ನೇ ಸರದಿಯಲ್ಲಿ ಜೋರ್ಡನ್ ಲೂಯಿಸ್ ಅವರನ್ನೂ ಪಡೆಯಿತು, ಮತ್ತು ಆ ಇಬ್ಬರೂ 2008, 2013, 2014, 2015ರ ನಾಲ್ಕೂ ಪ್ರಶಸ್ತಿಗಳಲ್ಲಿ ಆಡಿದರು.

ಟ್ಯಾಂಬ್ಲಿಂಗ್ ರಿಚ್ಮಂಡ್ ಪರವಾಗಿ ನೂರಕ್ಕೂ ಹೆಚ್ಚು ಪಂದ್ಯಗಳನ್ನು ಆಡಿದರು ಎಂಬುದನ್ನು ಹೇಳದೆ ಮುಂದೆ ಹೋಗಲು ನನ್ನ ಮನಸ್ಸು ಒಪ್ಪುವುದಿಲ್ಲ. ಡ್ರಾಫ್ಟಿನಲ್ಲಿ ಆರಿಸಿದ ಎಷ್ಟೋ ಹುಡುಗರು ಒಂದು ಪಂದ್ಯವನ್ನೂ ಕಾಣದೆ ಊರಿಗೆ ಮರಳುತ್ತಾರೆ. ತನ್ನ ಹೆಸರನ್ನು 4ನೆಯದಾಗಿ ಕರೆಯಿರೆಂದು ಉತ್ತರ ಪ್ರಾಂತ್ಯದ ಆ ಹುಡುಗ ಯಾರನ್ನೂ ಕೇಳಿಕೊಂಡಿರಲಿಲ್ಲ. ತನ್ನ ನಂತರದವನಿಗೆ ಹೋಲಿಸಿಕೊಂಡು ಆಡಬೇಕಾದ ಹೊರೆ ಮಾತ್ರ ವರ್ಷಗಟ್ಟಲೆ ಅವರ ಹೆಗಲ ಮೇಲಿತ್ತು. ರಿಕ್ರೂಟರ್ ಮಾಡಿದ ಅಂದಾಜಿನ ತಪ್ಪನ್ನು ಆಟಗಾರನ ತಪ್ಪೆಂದು ಎಣಿಸುವುದು ಅನ್ಯಾಯ.

ಮರುವರ್ಷ, 2005ರಲ್ಲಿ, 8ನೇ ಸರದಿಯಲ್ಲಿ ಜ್ಯಾರಡ್ ಓಕ್ಲಿ-ನಿಕೋಲ್ಸ್ ಅವರನ್ನು ಆರಿಸಲಾಯಿತು. ಅವರಿಗೆ ಇಪ್ಪತ್ತು ಪಂದ್ಯಗಳನ್ನು ತುಂಬಿಸುವುದೂ ಆಗಲಿಲ್ಲ. 12ನೇ ಸರದಿಯಲ್ಲಿ ಮೆಲ್ಬರ್ನ್ ಕ್ಲಬ್ಬು ಆರಿಸಿದ ನೇಥನ್ ಜೋನ್ಸ್ 302 ಪಂದ್ಯಗಳನ್ನೂ, 13ನೇ ಸರದಿಯಲ್ಲಿ ವೆಸ್ಟ್ ಕೋಸ್ಟ್ ಆರಿಸಿದ ಶಾನನ್ ಹರ್ನ್ 333 ಪಂದ್ಯಗಳನ್ನೂ ಆಡಿದರು. ನನ್ನ ಲೆಕ್ಕದಲ್ಲಿ ಇದು ಟ್ಯಾಂಬ್ಲಿಂಗ್ ಆಯ್ಕೆಗಿಂತ ದೊಡ್ಡ ತಪ್ಪು. 4ನೇ ಸರದಿಯಲ್ಲಿ ಬಂದವನು ತಂಡದಲ್ಲಿ ನೆಲೆ ನಿಂತ. 8ನೇ ಸರದಿಯಲ್ಲಿ ಬಂದವನಿಂದ ಕ್ಲಬ್ಬಿಗೆ ಬಹುತೇಕ ಏನೂ ದಕ್ಕಲಿಲ್ಲ. ಆದರೂ ಜನ ಎತ್ತಿ ಆಡುವುದು 2004ರ ಕಥೆಯನ್ನೇ, ಏಕೆಂದರೆ ಅಲ್ಲಿ ಎದುರಿಗಿದ್ದ ಹೆಸರು ಫ್ರಾಂಕ್ಲಿನ್.

ಡೆಲೀಡಿಯೊ ಅವರದು ಬೇರೆಯದೇ ಬಗೆಯ ಪ್ರಕರಣ. 243 ಪಂದ್ಯ, ಎರಡು ಸಲ ಕ್ಲಬ್ಬಿನ ಶ್ರೇಷ್ಠ ಆಟಗಾರ ಪದಕ. ಆಯ್ಕೆಯ ದೃಷ್ಟಿಯಿಂದ ಅದರಲ್ಲಿ ಯಾವ ಕೊರತೆಯನ್ನೂ ಹುಡುಕಲಾಗದು. ಅವರು 2016ರ ಕೊನೆಯಲ್ಲಿ ಬೇರೆ ಕ್ಲಬ್ಬಿಗೆ ಹೋದರು; ಮರುವರ್ಷವೇ ರಿಚ್ಮಂಡ್ ಗೆದ್ದಿತು. ವಿಜಯದಶಮಿಯ ದಿನ ಆಡಿದ 22 ಜನರಲ್ಲಿ (ಮೈದಾನದ 18 ಮತ್ತು ಬದಲಿ ನಾಲ್ವರು ಸೇರಿ) 2004ರ ಅಥವಾ 2005ರ ಡ್ರಾಫ್ಟಿನಿಂದ ರಿಚ್ಮಂಡ್‌ಗೆ ಬಂದವರು ಒಬ್ಬರೂ ಇರಲಿಲ್ಲ. ಪ್ರಶಸ್ತಿಗಳ ಲೆಕ್ಕದಿಂದ ರಿಕ್ರೂಟರ್‌ಗಳನ್ನು ಅಳೆಯುವವರು ಹಾಗಾದರೆ ಡೆಲೀಡಿಯೊ ಆಯ್ಕೆಗೆ ಸೊನ್ನೆ ಅಂಕ ಕೊಡಬೇಕಾಗುತ್ತದೆ. ಆ ಅಳತೆ ಸರಿಯಲ್ಲವೆಂದು ತೋರಿಸಲು ನನಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಮುಂದಿನ ಕಾಲದ ದಾಖಲೆ ಬೇರೆಯಾಗಿ ಕಾಣುತ್ತದೆ. ಫ್ರಾನ್ಸಿಸ್ ಜಾಕ್ಸನ್ ಆಯ್ಕೆಯ ಹೊಣೆ ಹೊತ್ತಿದ್ದ ಅವಧಿಯಲ್ಲಿ, 2007ರಲ್ಲಿ, 2ನೇ ಸರದಿಯಲ್ಲಿ ಟ್ರೆಂಟ್ ಕಾಚಿನ್ ಮತ್ತು 18ನೇ ಸರದಿಯಲ್ಲಿ ಅಲೆಕ್ಸ್ ರಾನ್ಸ್ ಬಂದರು. 2009ರಲ್ಲಿ 3ನೇ ಸರದಿಯಲ್ಲಿ ಡಸ್ಟಿನ್ ಮಾರ್ಟಿನ್ ಬಂದರು. ಮಾರ್ಟಿನ್ 2017, 2019, 2020ರ ಮೂರೂ ಗ್ರ್ಯಾಂಡ್ ಫೈನಲ್‌ಗಳಲ್ಲಿ ಪಂದ್ಯಶ್ರೇಷ್ಠರಿಗೆ ಕೊಡುವ ನಾರ್ಮ್ ಸ್ಮಿತ್ ಪದಕ ಪಡೆದರು. ಆ ಪದಕವನ್ನು ಮೂರು ಸಲ ಪಡೆದವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ. 2009ರಲ್ಲಿ ಮೊದಲ ಎರಡು ಸರದಿಗಳು ಮೆಲ್ಬರ್ನ್ ಕ್ಲಬ್ಬಿನವು, ಮತ್ತು ಅವರು ಟಾಮ್ ಸ್ಕಲ್ಲಿ ಹಾಗೂ ಜ್ಯಾಕ್ ಟ್ರೆಂಗೋವ್ ಅವರನ್ನು ಆರಿಸಿದ್ದರು. ಹಾಗಾದರೆ ಮಾರ್ಟಿನ್ ಅವರನ್ನು ಪಡೆದ ಕೀರ್ತಿಯಲ್ಲಿ ರಿಚ್ಮಂಡ್‌ನ ವಿವೇಕ ಎಷ್ಟು, ಮೆಲ್ಬರ್ನ್‌ನ ನಿರ್ಧಾರ ಎಷ್ಟು? 3ನೇ ಸರದಿಯಲ್ಲಿ ಕುಳಿತವನು ಮೊದಲ ಇಬ್ಬರು ಬಿಟ್ಟುದರಲ್ಲಿ ಉತ್ತಮವಾದುದನ್ನು ಆರಿಸಬಲ್ಲನೇ ಹೊರತು ಬೇರೇನೂ ಮಾಡಲಾರ. ಜಾಕ್ಸನ್ ಅದನ್ನು ಸರಿಯಾಗಿ ಮಾಡಿದರು ಎನ್ನುವಷ್ಟು ಮಾತ್ರ ನಾನು ಹೇಳುತ್ತೇನೆ. ಅವರ ಕಣ್ಣಿನ ಹರಿತಕ್ಕೆ ನಾನು ಕೊಡುವ ಸಾಕ್ಷಿ ರಾನ್ಸ್. 17 ಹೆಸರುಗಳು ಕರೆದಾದ ಮೇಲೆ ಬಂದ ಹುಡುಗ ಲೀಗಿನ ಆ ವರ್ಷದ ಶ್ರೇಷ್ಠರನ್ನು ಹೆಸರಿಸುವ ಅಖಿಲ ಆಸ್ಟ್ರೇಲಿಯ ತಂಡಕ್ಕೆ ಐದು ಸಲ ಆಯ್ಕೆಯಾಗಿ, 2017ರಲ್ಲಿ ಆ ತಂಡದ ನಾಯಕನೂ ಆದರು.

2017ರ ಆ 22 ಜನರನ್ನು ನಾನು ಹೀಗೆ ವಿಂಗಡಿಸಿದ್ದೇನೆ. ಆರು ಜನ ಬೇರೆ ಕ್ಲಬ್ಬುಗಳಲ್ಲಿದ್ದು ಬಂದವರು. ಉಳಿದ 16 ಜನರನ್ನು ರಿಚ್ಮಂಡ್ ತಾನೇ ಹುಡುಕಿ ಬೆಳೆಸಿತು. ಆ 16ರಲ್ಲಿ ಮೊದಲ 20 ಸರದಿಗಳೊಳಗೆ ಬಂದವರು ಏಳೇ ಜನ: ಕಾಚಿನ್, ಮಾರ್ಟಿನ್, ವ್ಲಾಸ್ಟಿನ್, ರೀವೋಲ್ಟ್, ಎಲ್ಲಿಸ್, ರಿಯೋಲಿ ಮತ್ತು ರಾನ್ಸ್. ಶೇನ್ ಎಡ್ವರ್ಡ್ಸ್ 26ನೆಯವರು, ಮೆಕಿಂಟೋಶ್ 31ನೆಯವರು, ಆಸ್ಟ್‌ಬರಿ 35ನೆಯವರು. ಜ್ಯಾಕ್ ಗ್ರಹಾಂ ಹಿಂದಿನ ವರ್ಷವಷ್ಟೇ 53ನೇ ಸರದಿಯಲ್ಲಿ ಬಂದಿದ್ದ ಹುಡುಗ. ತನ್ನ ಐದನೆಯ ಪಂದ್ಯವಾಗಿದ್ದ ಆ ಫೈನಲ್‌ನಲ್ಲಿ ಮೂರು ಗೋಲು ಹೊಡೆದ. ಬಟ್ಲರ್ ಮತ್ತು ಬ್ರಾಡ್ ಇಬ್ಬರೂ ಬೇರೆ ಬೇರೆ ವರ್ಷಗಳಲ್ಲಿ 67ನೇ ಸರದಿಯವರು. ಲ್ಯಾಂಬರ್ಟ್ ಮತ್ತು ಕಾಸ್ಟಾನ್ಯ ಮುಖ್ಯ ಡ್ರಾಫ್ಟಿನಲ್ಲಿ ಯಾರೂ ಕರೆಯದೆ, ಆಮೇಲೆ ನಡೆಯುವ ರೂಕಿ ಡ್ರಾಫ್ಟಿನಿಂದ ಬಂದವರು. ಡಿಲನ್ ಗ್ರೈಮ್ಸ್ ಕೂಡ ಮುಖ್ಯ ಡ್ರಾಫ್ಟಿನ ಹೊರಗೆ ಸಿಕ್ಕವರು. ರಿಕ್ರೂಟರ್‌ಗಳ ದಾಖಲೆಯನ್ನು ಹೋಲಿಸುವಾಗ ನಾನು ಹೆಚ್ಚು ಹೊತ್ತು ನಿಲ್ಲುವುದು ಈ ಒಂಬತ್ತು ಹೆಸರುಗಳ ಮುಂದೆ. 2ನೇ ಸರದಿಯ ಹುಡುಗನನ್ನು ಇಡೀ ದೇಶವೇ ನೋಡಿರುತ್ತದೆ. 67ನೇ ಸರದಿಯ ಹುಡುಗನನ್ನು ಯಾರೋ ಒಬ್ಬರು, ಯಾವುದೋ ಚಳಿಯ ಬೆಳಿಗ್ಗೆ, ಯಾವುದೋ ಸಣ್ಣ ಊರಿನ ಮೈದಾನದ ಬೇಲಿಗೆ ಒರಗಿ ನಿಂತು ನೋಡಿರುತ್ತಾರೆ.

ಸರದಿಗೆ ತಕ್ಕ ಬೆಲೆ ಎಷ್ಟು ಎಂಬುದಕ್ಕೆ ಲೀಗೇ ಒಂದು ಪಟ್ಟಿಯನ್ನು 2015ರಲ್ಲಿ ಜಾರಿಗೆ ತಂದಿತು. ಆ ಮೊದಲ ಪಟ್ಟಿಯ ಪ್ರಕಾರ 1ನೇ ಸರದಿಗೆ 3000 ಅಂಕ, 2ನೆಯದಕ್ಕೆ 2517, 3ನೆಯದಕ್ಕೆ 2234. ಹೀಗೆ ಇಳಿಯುತ್ತ 73ರ ನಂತರದ ಸರದಿಗಳಿಗೆ ಬೆಲೆಯೇ ಇರಲಿಲ್ಲ. ಇಳಿಜಾರು ಮೊದಲಲ್ಲಿ ಕಡಿದಾಗಿದ್ದು, ಕೆಳಗೆ ಹೋದಂತೆ ಚಪ್ಪಟೆಯಾಗುತ್ತದೆ. ಎಂದರೆ 1 ಮತ್ತು 3ರ ನಡುವಿನ ವ್ಯತ್ಯಾಸ ದೊಡ್ಡದು, 40 ಮತ್ತು 47ರ ನಡುವಿನದು ಸಣ್ಣದು. ಕ್ಲಬ್ಬುಗಳು ಸರದಿಗಳನ್ನು ಹೊಂದಿಸಿಕೊಳ್ಳಲು ಮಾಡಿದ ಈ ಪಟ್ಟಿಯನ್ನು ನಾನು ಬೇರೆ ಕೆಲಸಕ್ಕೆ ಬಳಸುತ್ತೇನೆ. ಒಬ್ಬ ರಿಕ್ರೂಟರನ ಕೈಗೆ ಹತ್ತು ವರ್ಷಗಳಲ್ಲಿ ಒಟ್ಟು ಎಷ್ಟು ಬೆಲೆಯ ಸರದಿಗಳು ಸಿಕ್ಕವು ಎಂದು ಮೊದಲು ಕೂಡಿಸದೆ, ಆತ ತಂದ ಆಟಗಾರರ ಪಂದ್ಯಗಳನ್ನು ಕೂಡಿಸಲು ಹೊರಡುವುದು, ನೀರಾವರಿ ತೋಟದ ಇಳುವರಿಯನ್ನೂ ಮಳೆಯಾಶ್ರಯದ ಹೊಲದ ಇಳುವರಿಯನ್ನೂ ಒಂದೇ ತಕ್ಕಡಿಗೆ ಹಾಕಿದಂತಾಗುತ್ತದೆ. ಸೋಲುವ ಕ್ಲಬ್ಬಿನ ರಿಕ್ರೂಟರ್‌ಗೆ ಮೇಲಿನ ಸರದಿಗಳು ಹೆಚ್ಚು ಸಿಗುತ್ತವೆ, ಗೆಲ್ಲುವ ಕ್ಲಬ್ಬಿನವನಿಗೆ ಕಡಿಮೆ. ಕ್ಲಬ್ಬು ಗೆಲ್ಲತೊಡಗಿದಂತೆ ಅದೇ ವ್ಯಕ್ತಿಯ ಕೆಲಸ ವರ್ಷದಿಂದ ವರ್ಷಕ್ಕೆ ಕಠಿಣವಾಗುತ್ತ ಹೋಗುತ್ತದೆ ಎಂಬುದನ್ನು ಮರೆಯಬಾರದು.

ರಿಚ್ಮಂಡ್‌ನ ಎರಡು ಕಾಲಗಳನ್ನು ತೂಗಲು ಹೊರಗಿನ ತೂಕದ ಕಲ್ಲೊಂದು ಬೇಕೆನಿಸಿ ನಾನು ಜಿಲಾಂಗ್ ಕ್ಲಬ್ಬಿನ ಸ್ಟೀಫನ್ ವೆಲ್ಸ್ ಅವರ ದಾಖಲೆಯನ್ನು ಓದಿದೆ. ಎರಡು ದಶಕಗಳಿಗೂ ಹೆಚ್ಚು ಕಾಲ ಒಂದೇ ಕ್ಲಬ್ಬಿಗೆ ಆರಿಸಿದ ಅವರ ಲೆಕ್ಕವು ದೀರ್ಘವಾಗಿದೆ. ಈ ಲೆಕ್ಕಕ್ಕೆ ಉದ್ದವೇ ಮುಖ್ಯ, ಏಕೆಂದರೆ ವರ್ಷಕ್ಕೆ ನಾಲ್ಕೈದು ಆಯ್ಕೆಗಳ ಮೇಲೆ ಎರಡು ವರ್ಷದಲ್ಲಿ ಯಾರ ಬಗ್ಗೆಯೂ ತೀರ್ಪು ಕೊಡಲಾಗದು. 1999ರಲ್ಲಿ ಜಿಲಾಂಗ್ 8ನೇ ಸರದಿಯಲ್ಲಿ ಜೋಯೆಲ್ ಕೋರಿ, 31ರಲ್ಲಿ ಪಾಲ್ ಚ್ಯಾಪ್‌ಮನ್, 38ರಲ್ಲಿ ಕ್ಯಾಮರೂನ್ ಲಿಂಗ್, 47ರಲ್ಲಿ ಕೋರಿ ಎನ್‌ರೈಟ್ ಅವರನ್ನು ಪಡೆಯಿತು. 2001ರಲ್ಲಿ 8ನೇ ಸರದಿಯಲ್ಲಿ ಜಿಮ್ಮಿ ಬಾರ್ಟೆಲ್, 17ರಲ್ಲಿ ಜೇಮ್ಸ್ ಕೆಲಿ, 24ರಲ್ಲಿ ಸ್ಟೀವ್ ಜಾನ್ಸನ್, 40ರಲ್ಲಿ ಗ್ಯಾರಿ ಆಬ್ಲೆಟ್ ಕಿರಿಯರು ಬಂದರು. ಈ ಎಂಟೂ ಜನ 2007ರ ಗ್ರ್ಯಾಂಡ್ ಫೈನಲ್ ಆಡಿದರು. 1963ರ ನಂತರ ಕ್ಲಬ್ಬಿನ ಮೊದಲ ಪ್ರಶಸ್ತಿಯಾದ ಆ ಪಂದ್ಯದಲ್ಲಿ ಜಿಲಾಂಗ್ ಗೆದ್ದದ್ದು 119 ಅಂಕಗಳಿಂದ. ಗ್ರ್ಯಾಂಡ್ ಫೈನಲ್‌ಗಳಲ್ಲಿ ಅದಕ್ಕಿಂತ ದೊಡ್ಡ ಅಂತರ ಇನ್ನೊಂದಿಲ್ಲ. 2007, 2009, 2011ರ ಮೂರು ಫೈನಲ್‌ಗಳ ಪಂದ್ಯಶ್ರೇಷ್ಠರು ಕ್ರಮವಾಗಿ ಜಾನ್ಸನ್, ಚ್ಯಾಪ್‌ಮನ್, ಬಾರ್ಟೆಲ್. ಮೂವರೂ ಈ ಎರಡು ಡ್ರಾಫ್ಟುಗಳಿಂದ ಬಂದವರೇ.

ಎನ್‌ರೈಟ್ ಅವರ ಬಗ್ಗೆ ನನಗೆ ವಿಶೇಷವಾದ ಗೌರವವಿದೆ. ದಕ್ಷಿಣ ಆಸ್ಟ್ರೇಲಿಯದ ಕಿಂಬಾ ಎಂಬ, ಗೋಧಿ ಬೆಳೆಯುವ ಸೀಮೆಯ ಪುಟ್ಟ ಊರಿನವರು ಅವರು. 46 ಹೆಸರುಗಳು ಕರೆದಾದ ಮೇಲೆ ಬಂದು 332 ಪಂದ್ಯಗಳನ್ನು ಆಡಿದರು. ದಾವಣಗೆರೆಯಂತಹ ಊರಿನಲ್ಲಿರುವವರಿಗೆ ಇದರ ಅರ್ಥ ಬೇಗ ತಿಳಿಯುತ್ತದೆ. ನಮ್ಮೂರಿನ ಆರ್. ವಿನಯ್ ಕುಮಾರ್ 2013-14 ಮತ್ತು 2014-15ರಲ್ಲಿ ಸತತ ಎರಡು ವರ್ಷ ಕರ್ನಾಟಕಕ್ಕೆ ರಣಜಿ ಟ್ರೋಫಿ ಗೆದ್ದುಕೊಟ್ಟ ನಾಯಕರಾಗುವ ಮುಂಚೆ, ಇಲ್ಲಿನ ಮೈದಾನದಲ್ಲಿ ಬೌಲ್ ಮಾಡುತ್ತಿದ್ದ ಒಬ್ಬ ಹುಡುಗನಾಗಿದ್ದರು. ಆಟ ಬಿಟ್ಟ ಮೇಲೆ ಅವರು ಮುಂಬೈ ಇಂಡಿಯನ್ಸ್ ತಂಡಕ್ಕಾಗಿ ಹೊಸ ಪ್ರತಿಭೆಗಳನ್ನು ಹುಡುಕುವ ಕೆಲಸಕ್ಕೆ ಸೇರಿದರೆಂದು ಓದಿದಾಗ ನನಗೆ ಸಂತೋಷವಾಯಿತು. ಸಣ್ಣ ಊರಿನಿಂದ ನೋಡಲ್ಪಟ್ಟವನಿಗೆ ಸಣ್ಣ ಊರುಗಳಲ್ಲಿ ಏನನ್ನು ನೋಡಬೇಕೆಂಬುದು ತಿಳಿದಿರುತ್ತದೆ.

ವೆಲ್ಸ್ ಅವರ ಲೆಕ್ಕದಿಂದಲೂ ಕೆಲವನ್ನು ಕಳೆಯಬೇಕು. 40ನೇ ಸರದಿಯ ಆಬ್ಲೆಟ್ ಮುಂದೆ ಎರಡು ಸಲ, ಅಂಪೈರ್‌ಗಳ ಮತಗಳಿಂದ ಲೀಗಿನ ವರ್ಷದ ಶ್ರೇಷ್ಠ ಆಟಗಾರನಿಗೆ ಸಿಗುವ ಬ್ರೌನ್‌ಲೋ ಪದಕ ಪಡೆದರು. ಅದನ್ನು ಕಂಡು ಎಂತಹ ಕಣ್ಣು ಎಂದು ಯಾರಾದರೂ ಉದ್ಗರಿಸಬಹುದು. ಆದರೆ ಅವರು ಬಂದದ್ದು ತಂದೆ ಆಡಿದ ಕ್ಲಬ್ಬಿಗೆ ಮಗನನ್ನು ಪಡೆಯುವ ಹಕ್ಕು ನೀಡುವ ನಿಯಮದಡಿ. ಆಗ ಆ ಹಕ್ಕಿಗೆ ಮೂರನೆಯ ಸುತ್ತಿನ ಒಂದು ಸರದಿಯನ್ನು ಕೊಟ್ಟರೆ ಸಾಕಾಗಿತ್ತು. 2006ರಲ್ಲಿ 41ನೇ ಸರದಿಯಲ್ಲಿ ಬಂದ ಟಾಮ್ ಹಾಕಿನ್ಸ್ ಅವರದೂ ಅದೇ ಕಥೆ. ಬೇರೆ ಕ್ಲಬ್ಬುಗಳು ಕೂಗಿದ ಬೆಲೆಗೆ ಸಮನಾದುದನ್ನು ತಂದೆಯ ಕ್ಲಬ್ಬು ಕೊಡಬೇಕೆಂಬ ಪದ್ಧತಿ 2007ರಲ್ಲಷ್ಟೇ ಬಂತು. ಆದ್ದರಿಂದ ಈ ಇಬ್ಬರು ಮಹಾ ಆಟಗಾರರನ್ನು ನಾನು ಯಾವ ರಿಕ್ರೂಟರನ ಖಾತೆಗೂ ಜಮೆ ಮಾಡುವುದಿಲ್ಲ. ಅವರನ್ನು ತೆಗೆದ ಮೇಲೂ ವೆಲ್ಸ್ ಅವರ ಪಟ್ಟಿ ಎತ್ತರದಲ್ಲಿಯೇ ನಿಲ್ಲುತ್ತದೆ. 1999ರಲ್ಲಿಯೇ 15 ಮತ್ತು 17ನೇ ಸರದಿಗಳಲ್ಲಿ ಅವರು ಆರಿಸಿದ ಇಬ್ಬರು 2007ರ ತಂಡದಲ್ಲಿರಲಿಲ್ಲ ಎಂಬುದನ್ನೂ ಬರೆಯಬೇಕು. ಇತಿಹಾಸದ ಅತ್ಯುತ್ತಮ ಡ್ರಾಫ್ಟುಗಳಲ್ಲಿ ಒಂದೆಂದು ನಾನು ಎಣಿಸುವ ವರ್ಷದಲ್ಲಿಯೂ ಮೇಲಿನ ಎರಡು ಆಯ್ಕೆಗಳು ನಿಲ್ಲಲಿಲ್ಲ, ಕೆಳಗಿನ ಮೂರು ನಿಂತವು. ಇನ್ನು 2001ರಲ್ಲಿ ಕಾಲಿಂಗ್‌ವುಡ್ ಕ್ಲಬ್ಬು 58ನೇ ಸರದಿಯಲ್ಲಿ ಪಡೆದ ಡೇನ್ ಸ್ವಾನ್ ಹತ್ತು ವರ್ಷಗಳ ಬಳಿಕ ಬ್ರೌನ್‌ಲೋ ಗೆದ್ದರು. ಅವರನ್ನು ವೆಲ್ಸ್ ಸೇರಿದಂತೆ ಹಲವು ರಿಕ್ರೂಟರ್‌ಗಳು ಒಂದಕ್ಕಿಂತ ಹೆಚ್ಚು ಸಲ ದಾಟಿ ಹೋಗಿದ್ದರು.

ಸೋದರಮಾವನ ಪುಸ್ತಕದಲ್ಲಿ ಮಳೆಗೆಂದು ಒಂದು ಗುರುತಿತ್ತು. ಅಂದಾಜು ಸರಿಯಿದ್ದು, ಮಳೆ ನಿಲ್ಲದೆ ಹಿಡಿದು ಕೊಳೆರೋಗದಿಂದ ಕಾಯಿ ಉದುರಿದ ವರ್ಷಗಳ ಪಕ್ಕದಲ್ಲಿ ಆ ಗುರುತು ಹಾಕುತ್ತಿದ್ದರು. ಡ್ರಾಫ್ಟಿನ ಲೆಕ್ಕದಲ್ಲಿ ಗಾಯಕ್ಕೆ ಅಂತಹ ಗುರುತು ಬೇಕು. 2014ರಲ್ಲಿ ಜಿಲಾಂಗ್ 10ನೇ ಸರದಿಯಲ್ಲಿ ಆರಿಸಿದ ನಕಾಯ ಕಾಕಟೂ ಗಾಯದ ಮೇಲೆ ಗಾಯವಾಗಿ ತಮ್ಮ ಶಕ್ತಿಯನ್ನು ತೋರಿಸಲಾಗದೆ ಉಳಿದರು. ಅದು ಕಣ್ಣಿನ ತಪ್ಪಲ್ಲ. ಇದಕ್ಕೆ ಎದುರಾಗಿ, 2006ರಲ್ಲಿ ಮೊಣಕಾಲಿನ ಗಾಯದ ಕಾರಣಕ್ಕೆ ಹಲವು ಕ್ಲಬ್ಬುಗಳು ಹಿಂಜರಿದ ಜೋಯೆಲ್ ಸೆಲ್‌ವುಡ್ ಅವರನ್ನು ಜಿಲಾಂಗ್ 7ನೇ ಸರದಿಯಲ್ಲಿ ಆರಿಸಿತು; ಅವರು 355 ಪಂದ್ಯಗಳನ್ನು ಆಡಿದರು. ಅಲ್ಲಿ ಗಾಯವನ್ನು ತೂಗಿ ನೋಡಿದ್ದೇ ರಿಕ್ರೂಟರನ ಕೆಲಸವಾಗಿತ್ತು, ಆದ್ದರಿಂದ ಅದರ ಫಲ ಪೂರ್ತಿಯಾಗಿ ಅವರಿಗೆ ಸಲ್ಲಬೇಕು.

ಮತ್ತೆ ರಿಚ್ಮಂಡ್‌ಗೆ ಬರುತ್ತೇನೆ. ಗೆದ್ದವರ ತಪ್ಪುಗಳನ್ನು ಜನ ಬೇಗ ಮರೆಯುತ್ತಾರೆ. 2013ರಲ್ಲಿ ರಿಚ್ಮಂಡ್ 12ನೇ ಸರದಿಯಲ್ಲಿ ಬೆನ್ ಲೆನನ್ ಅವರನ್ನು ಆರಿಸಿತು. ಅವರು ಕ್ಲಬ್ಬಿನಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ. ಮರುಗಳಿಗೆಯಲ್ಲಿ, 13ನೆಯವರಾಗಿ, ಕಾರ್ಲ್‌ಟನ್ ಕ್ಲಬ್ಬಿಗೆ ಹೋದವರು ಪ್ಯಾಟ್ರಿಕ್ ಕ್ರಿಪ್ಸ್. 2022 ಮತ್ತು 2024ರಲ್ಲಿ ಬ್ರೌನ್‌ಲೋ ಪದಕ ಪಡೆದವರು, ಎರಡನೆಯ ಸಲ 45 ಮತಗಳ ದಾಖಲೆಯೊಂದಿಗೆ. ಒಂದೇ ಸರದಿಯ ಅಂತರ, ಟ್ಯಾಂಬ್ಲಿಂಗ್ ಮತ್ತು ಫ್ರಾಂಕ್ಲಿನ್ ನಡುವೆ ಇದ್ದಷ್ಟೇ. ಆದರೂ ಅಕ್ಕನ ಮಗನಾಗಲಿ, ಅವನ ಜೊತೆ ಪಂದ್ಯ ನೋಡುವ ಗೆಳೆಯರಾಗಲಿ ಕ್ರಿಪ್ಸ್ ಹೆಸರನ್ನು ಎತ್ತಿ ಕ್ಲಬ್ಬನ್ನು ದೂರಿದ್ದನ್ನು ನಾನು ಕೇಳಿಲ್ಲ. 2004ರ ತಪ್ಪಿನ ನಂತರ ಸೋಲುಗಳು ಬಂದವು, 2013ರ ತಪ್ಪಿನ ನಂತರ ಮೂರು ಪ್ರಶಸ್ತಿಗಳು ಬಂದವು; ಹೀಗಾಗಿ ಒಂದು ಗಾಯವಾಗಿ ಉಳಿಯಿತು, ಇನ್ನೊಂದು ಮಾಯ್ದುಹೋಯಿತು. ನನ್ನ ಪುಸ್ತಕದಲ್ಲಿ ಎರಡನ್ನೂ ಒಂದೇ ಶಾಯಿಯಲ್ಲಿ ಬರೆದಿದ್ದೇನೆ.

ಇನ್ನೂ ಒಂದು ವಿಷಯ ನನ್ನನ್ನು ಬಹಳ ದಿನ ಕಾಡಿತು. ಇದೇ ಪುಸ್ತಕವನ್ನು ನಾನು 2016ರ ಕೊನೆಯಲ್ಲಿ ಬರೆದಿದ್ದರೆ ಜಾಕ್ಸನ್ ಅವರ ಬಗ್ಗೆ ಏನು ಹೇಳುತ್ತಿದ್ದೆ? ರಿಚ್ಮಂಡ್ 2013, 2014, 2015ರಲ್ಲಿ ಸತತ ಮೂರು ವರ್ಷ ಫೈನಲ್ಸ್ ಹಂತದ ಮೊದಲ ಪಂದ್ಯದಲ್ಲಿಯೇ ಸೋತು ಹೊರಬಿದ್ದಿತ್ತು, 2016ರಲ್ಲಿ 13ನೇ ಸ್ಥಾನಕ್ಕೆ ಇಳಿದಿತ್ತು. ಕಾಚಿನ್, ಮಾರ್ಟಿನ್, ರಾನ್ಸ್, ರೀವೋಲ್ಟ್ ಎಲ್ಲರೂ ಆಗಲೂ ಅಲ್ಲಿಯೇ ಇದ್ದರು. ಆಯ್ಕೆಗಳೆಲ್ಲ ವರ್ಷಗಳ ಹಿಂದೆಯೇ ಮುಗಿದಿದ್ದವು, ಅವುಗಳಲ್ಲಿ ಒಂದಕ್ಷರವೂ ಬದಲಾಗುವಂತಿರಲಿಲ್ಲ. ಒಂದು ವರ್ಷದಲ್ಲಿ ಪ್ರೆಸ್ಟಿಯ, ಕ್ಯಾಡಿ, ನ್ಯಾಂಕರ್ವಿಸ್ ಎಂಬ ಮೂವರು ಬೇರೆ ಕ್ಲಬ್ಬುಗಳಿಂದ ಬಂದರು, ಕೋಚ್ ಡೇಮಿಯನ್ ಹಾರ್ಡ್‌ವಿಕ್ ತಂಡದ ಆಟದ ರೀತಿಯನ್ನು ಬದಲಿಸಿದರು, ಮತ್ತು ಅದೇ ಹುಡುಗರು ಚಾಂಪಿಯನ್ನರಾದರು. ಹತ್ತು ವರ್ಷಗಳ ಹಿಂದಿನ ಆಯ್ಕೆಯ ಮೌಲ್ಯವು ನಂತರದ ಒಬ್ಬ ಕೋಚಿನ ನಿರ್ಧಾರದಿಂದ ಏರುವುದಾದರೆ, ಆ ಏರಿಕೆಯಲ್ಲಿ ರಿಕ್ರೂಟರನ ಪಾಲೆಷ್ಟು ಎಂದು ಬೇರ್ಪಡಿಸುವುದು ಹೇಗೆ? ಸಂಖ್ಯಾಶಾಸ್ತ್ರದಲ್ಲಿ ಇಂತಹ ಬೆರಕೆಯನ್ನು ಬಿಡಿಸಲು ಒಂದೇ ಹುಡುಗ ಎರಡು ಕ್ಲಬ್ಬುಗಳಲ್ಲಿ ಏಕಕಾಲಕ್ಕೆ ಬೆಳೆಯಬೇಕಾಗುತ್ತದೆ. ಅದು ಸಾಧ್ಯವಿಲ್ಲ. ಆದ್ದರಿಂದ 2005ರ 8ನೇ ಸರದಿಯ ಹುಡುಗ ಬೇರೆ ಕ್ಲಬ್ಬಿಗೆ ಹೋಗಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯೂ ತೆರೆದೇ ಇರುತ್ತದೆ, ಮತ್ತು ಆ ಕಾಲದ ಆಯ್ಕೆ ತಂಡದ ಮೇಲೆ ನಾನು ಮೇಲೆ ಹೊರಿಸಿದ ತಪ್ಪಿನಲ್ಲಿ ಒಂದು ಭಾಗ ಹುಡುಗರನ್ನು ಬೆಳೆಸಬೇಕಾಗಿದ್ದವರದೂ ಆಗಿರಬಹುದು.

ಇಷ್ಟೆಲ್ಲ ಕಳೆದು ಕೂಡಿದ ಮೇಲೂ ಎರಡು ಕಾಲಗಳು ಸಮವೆಂದು ನಾನು ಹೇಳಲಾರೆ. 2004-05ರ ತಂಡದ ಕೈಗೆ ಸಿಕ್ಕ ಸರದಿಗಳ ಬೆಲೆ ಹೆಚ್ಚು, ದಕ್ಕಿದ ಫಲ ಕಡಿಮೆ. ಮುಂದಿನ ಹತ್ತು ವರ್ಷಗಳಲ್ಲಿ 26, 31, 35, 53, 67ನೇ ಸರದಿಗಳು ಮತ್ತು ರೂಕಿ ಪಟ್ಟಿ ಒಂದು ಚಾಂಪಿಯನ್ ತಂಡದ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಜನರನ್ನು ಕೊಟ್ಟವು. ಹಾಗೆ ಕೆಳಗಿನ ಸಾಲುಗಳಲ್ಲಿ ಹುಡುಕುವ ಅಭ್ಯಾಸವು ಕ್ಲಬ್ಬಿನಲ್ಲಿ ಗಟ್ಟಿಯಾಗಿ ನಿಂತಿತ್ತು ಎಂಬುದಕ್ಕೆ 2019 ಇನ್ನೊಂದು ಸಾಕ್ಷಿ. ಆ ವರ್ಷದ ನಡುವೆ ನಡೆದ ಡ್ರಾಫ್ಟಿನಲ್ಲಿ ರಿಚ್ಮಂಡ್ 27 ವರ್ಷದ ಮಾರ್ಲಿಯನ್ ಪಿಕೆಟ್ ಅವರನ್ನು ಆರಿಸಿತು. ಹಿಂದಿನ ಎಲ್ಲ ಡ್ರಾಫ್ಟುಗಳಲ್ಲಿ ಯಾರೂ ಅವರ ಹೆಸರು ಕರೆದಿರಲಿಲ್ಲ. ಅವರು ಲೀಗಿನಲ್ಲಿ ಆಡಿದ ಮೊದಲ ಪಂದ್ಯವೇ ಗ್ರ್ಯಾಂಡ್ ಫೈನಲ್ ಆಯಿತು. 1952ರ ನಂತರ ಹಾಗೆ ಫೈನಲ್‌ನಲ್ಲಿಯೇ ಪದಾರ್ಪಣೆ ಮಾಡಿದವರು ಬೇರೆ ಯಾರೂ ಇರಲಿಲ್ಲ. ರಿಚ್ಮಂಡ್ 89 ಅಂಕಗಳಿಂದ ಗೆದ್ದಿತು. ಪಿಕೆಟ್ ಮೊದಲ ಗೋಲು ಹೊಡೆದಾಗ ತಂಡದ ಎಲ್ಲರೂ ಓಡಿಬಂದು ಅವರನ್ನು ಮುತ್ತಿದ ದೃಶ್ಯವನ್ನು ನಾನು ಮೊಬೈಲಿನ ಸಣ್ಣ ಪರದೆಯಲ್ಲಿ ನೋಡಿದೆ. ಕಣ್ಣು ತೇವಗೊಂಡಿತ್ತು.

ಆ ತಂಡ ಈಗಿಲ್ಲ. ರಿಚ್ಮಂಡ್ 2024ರಲ್ಲಿ ಎರಡೇ ಪಂದ್ಯಗಳನ್ನು ಗೆದ್ದು ತಳಕ್ಕಿಳಿಯಿತು. ಮಾರ್ಟಿನ್ ಮತ್ತು ಗ್ರೈಮ್ಸ್ ನಿವೃತ್ತರಾದರು, ಗ್ರಹಾಂ ಮತ್ತು ರಿಯೋಲಿ ಬೇರೆ ಕ್ಲಬ್ಬುಗಳಿಗೆ ಹೋದರು. 2004ರಂತೆಯೇ ಮತ್ತೆ 1ನೇ ಸರದಿ ಸಿಕ್ಕಿತು. ಸ್ಯಾಮ್ ಲಾಲರ್ ಎಂಬ ಹುಡುಗನನ್ನು ಆರಿಸಿದರು, ಮೊದಲ ಸುತ್ತಿನಲ್ಲಿಯೇ ಇನ್ನೂ ಹಲವರನ್ನು ಪಡೆದರು. ಅಂದು ರಾತ್ರಿ ನಾನು ನೋಟ್‌ಪುಸ್ತಕದಲ್ಲಿ ಹೊಸ ಪುಟ ತೆರೆದೆ. ಎಡ ಅಂಕಣದಲ್ಲಿ ಲಾಲರ್ ಹೆಸರು, ಬಲ ಅಂಕಣದಲ್ಲಿ 2ನೇ ಸರದಿಯಲ್ಲಿ ನಾರ್ತ್ ಮೆಲ್ಬರ್ನ್ ಆರಿಸಿದ ಫಿನ್ ಒ'ಸಲಿವನ್ ಹೆಸರು. ಹೀಗೆಯೇ ಪ್ರತಿ ಆಯ್ಕೆಯ ಎದುರಿಗೆ ಅದರ ಮರುಗಳಿಗೆಯಲ್ಲಿ ಬೇರೆಯವರು ಕರೆದ ಹುಡುಗನ ಹೆಸರನ್ನು, ಇಬ್ಬರಲ್ಲಿ ಯಾರು ಮೇಲೆಂದು ಯಾರಿಗೂ ತಿಳಿಯುವ ಮೊದಲೇ, ಬರೆದು ಮುಗಿಸಿದೆ. ಪಂದ್ಯಗಳ ಸಂಖ್ಯೆಗೆಂದು ಗೆರೆ ಹಾಕಿದ ಮೂರನೆಯ ಅಂಕಣ ಇನ್ನೂ ಖಾಲಿಯಿದೆ. 2034ರವರೆಗೆ ಅದನ್ನು ತುಂಬಬೇಕು. ನನ್ನ ಕೈಯಲ್ಲಿ ಆಗದಿದ್ದರೆ ಅಕ್ಕನ ಮಗ ತುಂಬುತ್ತಾನೆಂದು ಅವನಿಂದ ಮಾತು ಪಡೆದಿದ್ದೇನೆ.